ಹಿಂದೆ ತಿರುಗಿ ನೋಡಿದ ಬಗ್ಗೆ, ಪುಟ್ಟುವಿಗೆ

ಮೈಸೂರು

ಚಿ॥ ಪುಟ್ಟುವಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಮನೆಯ ಸಮಾಚಾರವನ್ನೆಲ್ಲ ನಿಮ್ಮಪ್ಪ ಭಾನುವಾರದ ಫೋನಿನಲ್ಲಿ ಕೇಳಿಸಿಕೊಂಡು ನಿನಗೆ ಹೇಳಿಯೇ ಇರುತ್ತಾನೆ. ಅದನ್ನೇ ಮತ್ತೆ ಬರೆಯಲು ಹೋಗುವುದಿಲ್ಲ.

ನಿನ್ನ ಕಾಗದದ ಕೊನೆಯಲ್ಲಿ, ಸಹಿಗೆ ಮುಂಚೆ, ಅವಸರದಲ್ಲಿ ಗೀಚಿದ ಹಾಗೆ ಒಂದು ಸಾಲು ಇದೆ. "ಅತ್ತೆ, ಮುಂದೆ ಹೋಗೋದು ಹೇಗೆ ಅನ್ನೋದೇ ನನಗೆ ಮರೆತುಹೋಗಿದೆಯೇನೋ ಅಂತ ಭಯ ಆಗುತ್ತೆ." ಉಳಿದದ್ದನ್ನೆಲ್ಲ ಖುಷಿಯಿಂದ ಓದಿದೆ. ಹೊಸ ಸೈಕಲ್ಲು, ಜೊತೆಯಲ್ಲಿರುವ ಹುಡುಗರು, ಬೆನ್ನುನೋವು ಕಡಿಮೆಯಾದದ್ದು, ಎಲ್ಲ ಸರಿ. ಆ ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ. ಒಗ್ಗರಣೆ ಹಾಕುವಾಗ ಅದೇ, ದೇವರ ಮುಂದೆ ಕೂತರೂ ಅದೇ. ತಕ್ಷಣ ಫೋನು ಮಾಡೋಣ ಅನ್ನಿಸಿತು. ಫೋನಿನಲ್ಲಾದರೆ ನೀನು "ಅಯ್ಯೋ ಏನಿಲ್ಲ ಬಿಡಿ ಅತ್ತೆ" ಅಂದುಬಿಡುತ್ತೀಯ, ನಾನೂ ಬಿಟ್ಟುಬಿಡುತ್ತೇನೆ. ಅದಕ್ಕೇ ಕಾಗದ.

ಸೈಕಲ್ ರೇಸಿನಲ್ಲಿ ನಿನ್ನ ಕೆಲಸ ತಂಡದ ಲೀಡರ್‌ಗೆ ಗಾಳಿ ತಡೆದು ಅವನನ್ನು ಗೆಲ್ಲಿಸುವುದು. ನೀನು ಬರೆದ ಆ ರೇಸಿನ ಮಧ್ಯೆ ರೇಡಿಯೊದಲ್ಲಿ ನಿನಗೆ ಹೇಳಿದರು: ಲೀಡರ್‌ನ ಟೈರು ಪಂಕ್ಚರ್ ಆಗಿದೆ, ಕಾಯಬೇಡ, ಈವತ್ತು ನೀನೇ ಹೋಗು. ನೀನು ಹಿಂದೆ ತಿರುಗಿ ನೋಡಿದೆ, ಆಮೇಲೆ ಇನ್ನೊಂದು ಸಲ ನೋಡಿದೆ. ಅಷ್ಟರಲ್ಲಿ ಮುಂದಿದ್ದವರು ತಿರುವು ದಾಟಿದ್ದರು. ಸೋತದ್ದಕ್ಕೆ ಬೇಸರವಿಲ್ಲ ಅಂತ ಬರೆದಿದ್ದೀಯ, ನಂಬುತ್ತೇನೆ. ನಿನ್ನನ್ನು ಹೆದರಿಸಿದ್ದು ನಿನ್ನದೇ ಕುತ್ತಿಗೆ. ಯಾರೂ ಹೇಳದೆ ಅದು ತಾನಾಗಿಯೇ ತಿರುಗಿತಲ್ಲ, ಅದು.

ನೀನು ಕಳಿಸಿದ ಹಳೇ ರೇಸುಗಳ ವಿಡಿಯೊಗಳನ್ನು ಮತ್ತೆ ಹಾಕಿಕೊಂಡು ನೋಡಿದೆ. 1985ರ ಟೂರ್ ಡಿ ಫ್ರಾನ್ಸ್‌ನಲ್ಲಿ ಲೂಜ್ ಆರ್ಡಿಡೆನ್ ಬೆಟ್ಟಕ್ಕೆ ಹತ್ತುವ ದಿನ ಗ್ರೆಗ್ ಲೆಮಾಂಡ್ ಬೇರೆ ತಂಡದ ಸ್ಟೀಫನ್ ರೋಷ್ ಜೊತೆ ಮುಂದಿದ್ದಾನೆ. ಹಿಂದೆ ಅವನದೇ ತಂಡದ ನಾಯಕ ಬರ್ನಾರ್ ಇನೋ, ಒಟ್ಟು ಸಮಯದಲ್ಲಿ ಮುಂದಿರುವವನು ತೊಡುವ ಹಳದಿ ಅಂಗಿಯಲ್ಲಿ. ಮುಂದೆ ನಿಂತು ವೇಗ ಹೆಚ್ಚಿಸಬೇಡ, ಬಿಟ್ಟು ಹೋಗಬೇಡ ಅಂತ ತಂಡದ ಕಾರಿನಿಂದ ಅಪ್ಪಣೆ. ಇನೋ ಎಷ್ಟು ಹಿಂದೆ ಬಿದ್ದಿದ್ದಾನೆ ಅನ್ನುವುದನ್ನೂ ಅವನಿಗೆ ಸರಿಯಾಗಿ ಹೇಳಲಿಲ್ಲ. ಹುಡುಗ ಕಾದ. ಪ್ಯಾರಿಸ್ ತಲುಪಿದಾಗ ಇನೋ ಮೊದಲನೆಯವನು, ಲೆಮಾಂಡ್ ಎರಡನೆಯವನು, ಮಧ್ಯೆ ಇದ್ದದ್ದು 1 ನಿಮಿಷ 42 ಸೆಕೆಂಡು. ಆಗ ಅವನಿಗೆ 24 ವರ್ಷ, ನಿನಗಿಂತ ಚಿಕ್ಕವನು. ಮಾರನೇ ವರ್ಷ ಗೆದ್ದ. ಯುರೋಪಿನಾಚೆಯಿಂದ ಬಂದು ಟೂರ್ ಗೆದ್ದ ಮೊದಲನೆಯವನಾದ. ಆದರೂ ಆ ಬೆಟ್ಟದ ಮೇಲೆ ಅವನ ಮುಖ ನೋಡಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ಅವನದು ಬೇರೆ ಅಂತ ನೀನು ಹೇಳುತ್ತೀಯ, ಗೊತ್ತು. ಅವನಿಗೆ ಕಾಯಿ ಅಂತ ಹೇಳಿದರು, ಕಾದ, ಕೋಪಿಸಿಕೊಂಡ. ಹೋಗುವುದು ಅವನಿಗೆ ಮರೆತಿರಲಿಲ್ಲ. ನಿನಗೆ ಹೋಗು ಅಂತ ಹೇಳಿದರು, ನೀನು ಕಾದೆ. ಆದ್ದರಿಂದ ಅವನ ಕಥೆ ನಿನ್ನ ಭಯಕ್ಕೆ ಉತ್ತರ ಆಗುವುದಿಲ್ಲ.

ಈಗ ನನ್ನ ವಿಷಯ ಸ್ವಲ್ಪ ಬರೆಯಬೇಕು, ಬೇಜಾರು ಮಾಡಿಕೊಳ್ಳಬೇಡ. ನಿಮ್ಮಪ್ಪನಿಗೂ ಇದು ಪೂರ್ತಿ ಗೊತ್ತಿಲ್ಲ.

ನಾನು ಪಿಟೀಲು ಬಾರಿಸುತ್ತಿದ್ದದ್ದು ನಿನಗೆ ಗೊತ್ತು. ಪಕ್ಕವಾದ್ಯ ಅಂದರೆ ಏನು ಅನ್ನುವುದು ನೀನು ಅಮೆರಿಕದಲ್ಲಿ ಬೆಳೆದ ಕಾರಣ ಅಷ್ಟು ಗೊತ್ತಿರಲಾರದು. ಹಾಡುವವರು ಆಲಾಪನೆ ಶುರು ಮಾಡುತ್ತಾರೆ. ಅವರ ದನಿ ಎಲ್ಲಿಗೆ ಹೋಗುತ್ತದೋ ಅದರ ಬೆನ್ನಿಗೇ ನಾವು ಹೋಗಬೇಕು, ಅರ್ಧ ಉಸಿರು ಹಿಂದೆ. ಮುಂಚೆ ಹೋದರೆ ಅಧಿಕಪ್ರಸಂಗ, ತೀರ ಹಿಂದೆ ಬಿದ್ದರೆ ಕೈಲಾಗದವರು. ಅವರು ಉಸಿರಿಗೆ ನಿಂತ ಕಡೆ ಅವರ ಕೊನೆಯ ಸ್ವರವನ್ನು ಕಮಾನಿನಲ್ಲಿ ಎಳೆದು ಹಿಡಿದಿರಬೇಕು, ಸಭೆ ಖಾಲಿ ಅನ್ನಿಸಬಾರದು. ಅವರ ಆಲಾಪನೆ ಮುಗಿದ ಮೇಲೆ ನಮ್ಮ ಸರದಿ, ಅದೂ ಅವರಿಗಿಂತ ಚಿಕ್ಕದಾಗಿ. ಆಹ್ವಾನ ಪತ್ರಿಕೆಯಲ್ಲಿ ನಮ್ಮ ಹೆಸರು ಕೆಳಗಡೆ, ಸಣ್ಣ ಅಕ್ಷರದಲ್ಲಿ. ಅದರ ಬಗ್ಗೆ ನನಗೆ ನಿಜವಾಗಿಯೂ ದುಃಖವಿರಲಿಲ್ಲ. ಒಳ್ಳೆಯ ಹಾಡುಗಾರರ ಪಕ್ಕ ಕೂತು ಒಂದು ತೋಡಿಯನ್ನು ಅವರ ಜೊತೆ ಹತ್ತಿ ಇಳಿಯುವ ಸುಖ ಎಷ್ಟು ದೊಡ್ಡದು ಅಂದರೆ, ಅದನ್ನು ಬರೆಯುವುದಕ್ಕೆ ನನಗೆ ಬರುವುದಿಲ್ಲ.

ಒಂದು ರಾಮೋತ್ಸವದಲ್ಲಿ ಹಾಡಬೇಕಾಗಿದ್ದವರಿಗೆ ಗಂಟಲು ಕಟ್ಟಿತು. ಜನ ಬಂದು ಕೂತಾಗಿತ್ತು. ವ್ಯವಸ್ಥಾಪಕರು ಓಡಿ ಬಂದು, "ನೀವೇ ಒಂದೂವರೆ ಗಂಟೆ ಬಾರಿಸಿಬಿಡಿ ಅಮ್ಮ, ಮಾನ ಉಳಿಸಿ" ಅಂದರು. ನಾನು ಎಷ್ಟೋ ವರ್ಷ ಒಳಗೊಳಗೇ ಕಾದದ್ದು ಅದಕ್ಕೇ. ಕಲ್ಯಾಣಿ ಎತ್ತಿಕೊಂಡೆ. ಒಂದು ಸಂಗತಿ ಬಾರಿಸಿದೆ. ಚೆನ್ನಾಗಿಯೇ ಬಂತು. ಆಮೇಲೆ ಕೈ ನಿಂತಿತು. ಕಮಾನು ತಂತಿಯ ಮೇಲೇ ಇದೆ, ಮುಂದೆ ಹೋಗುತ್ತಿಲ್ಲ. ಹಾಡುವವರು ಇಲ್ಲದ ಜಾಗದಿಂದ ದನಿ ಬರಲಿ ಅಂತ ಕಾಯುತ್ತಿದೆ! ಮತ್ತೆ ಒಂದು ಸಂಗತಿ, ಮತ್ತೆ ನಿಂತಿತು. ಸಂಜೆಯೆಲ್ಲ ಹಾಗೇ. ಜನಕ್ಕೆ ತಿಳಿಯಿತೋ ಇಲ್ಲವೋ, ಚಪ್ಪಾಳೆ ತಟ್ಟಿದರು. ಮೃದಂಗದವರು ಹಿರಿಯರು, ಅವರಿಗೆ ತಿಳಿಯದೆ ಹೋಗುತ್ತದೆಯೇ? ಪಿಟೀಲನ್ನು ಪೆಟ್ಟಿಗೆಗೆ ಇಡುವಾಗ ಹತ್ತಿರ ಬಂದು ಮೆಲ್ಲಗೆ, "ಯಾರಿಗೆ ಕಾಯ್ತಿದ್ರಿ ತಾಯಿ?" ಅಂದರು. ಹಂಗಿಸಲಿಕ್ಕೆ ಕೇಳಿದ್ದಲ್ಲ, ಅಕ್ಕರೆಯಿಂದ ಕೇಳಿದ್ದು. ಉತ್ತರ ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ.

ಆವತ್ತು ರಾತ್ರಿ ನನ್ನ ಮನಸ್ಸಿನಲ್ಲಿ ಇದ್ದದ್ದು ನಿನ್ನ ಈ ಸಾಲೇ ಪುಟ್ಟು, ಅಕ್ಷರ ಅಕ್ಷರವೂ ಅದೇ. ಅದಕ್ಕೇ ನಿನ್ನ ಕಾಗದ ಓದಿ ಎದೆ ಧಸಕ್ಕೆಂದಿತು.

2023ರ ಸೆಪ್ಟೆಂಬರಿನಲ್ಲಿ ನಾನು ನಿಮ್ಮ ಮನೆಗೆ ಬಂದಿದ್ದಾಗ ಬೆಳಗ್ಗೆ ತಿಂಡಿ ಹೊತ್ತಿಗೆ ನೀನು ಟೀವಿಯಲ್ಲಿ ಸ್ಪೇನಿನ ಮೂರು ವಾರದ ಸೈಕಲ್ ರೇಸ್ ವುಎಲ್ಟಾ ಹಾಕುತ್ತಿದ್ದೆ. ನಿಮ್ಮ ಕೊಲರಾಡೊದವನೇ, ಡುರಾಂಗೊ ಊರಿನ ಹುಡುಗ ಸೆಪ್ ಕುಸ್, ಅಲ್ಲಿ ಎಲ್ಲರಿಗಿಂತ ಮುಂದಿರುವವನ ಕೆಂಪು ಅಂಗಿ ತೊಟ್ಟಿದ್ದಾನೆ ಅಂತ ನಿನಗೆ ನಿದ್ದೆ ಇರಲಿಲ್ಲ. ಅಂಗ್ಲಿರು ಬೆಟ್ಟದ ದಿನ ನಾನು ಇದ್ದಕ್ಕಿದ್ದ ಹಾಗೆ ಎದ್ದು ಒಳಗೆ ಹೋದದ್ದು ನಿನಗೆ ನೆನಪಿರಬಹುದು. ಸೈಕಲ್ ರೇಸ್ ನೋಡಿ ಅಳುತ್ತಾರೆಯೇ ಅಕ್ಕ, ಅಂತ ನಿಮ್ಮಪ್ಪ ಕೇಳಿದ. ಆಗ ಹೇಳಲಿಲ್ಲ, ಈಗ ಹೇಳುತ್ತೇನೆ.

ಅಷ್ಟು ವರ್ಷ ಆ ಹುಡುಗ ಮಾಡಿದ್ದು ನನ್ನ ಕೆಲಸ. ಅವನ ತಂಡದ ನಾಯಕ ರೋಗ್ಲಿಚ್ 2019, 2020, 2021 ಮೂರು ಸಲ ವುಎಲ್ಟಾ ಗೆದ್ದಾಗ ಬೆಟ್ಟದಲ್ಲಿ ಜೊತೆಗಿದ್ದವನು ಕುಸ್. ಅದೇ ತಂಡದ ಇನ್ನೊಬ್ಬ ನಾಯಕ ವಿಂಗೆಗೋರ್ 2022ರಲ್ಲಿ, 2023ರಲ್ಲಿ ಟೂರ್ ಗೆದ್ದಾಗ ಕುಸ್. 2023ರ ಮೇ ತಿಂಗಳಲ್ಲಿ ರೋಗ್ಲಿಚ್ ಇಟಲಿಯ ಜಿರೊ ಗೆದ್ದಾಗಲೂ ಕುಸ್. ಅದೇ ವರ್ಷದ ಟೂರ್‌ನಲ್ಲಿ ಮುಗಿಯುವುದಕ್ಕೆ ಒಂದು ದಿನ ಮುಂಚೆ ಬಿದ್ದು ಮುಖವೆಲ್ಲ ರಕ್ತವಾಯಿತು, ಆದರೂ ಓಟ ಮುಗಿಸಿದ. ಗಾಯ ಮಾಯಿತೋ ಇಲ್ಲವೋ ಮತ್ತೆ ಸ್ಪೇನಿಗೆ, ಮತ್ತೆ ಅವರಿಬ್ಬರಿಗೆ ದುಡಿಯಲು. ಜಿರೊ, ಟೂರ್, ವುಎಲ್ಟಾ ಮೂರೂ ಸೇರಿ ಒಂದೇ ವರ್ಷದಲ್ಲಿ 63 ದಿನದ ಓಟ. ದೇವರೇ, ಆ ಕಾಲುಗಳು!

ಆರನೇ ದಿನ ಹಾವಲಾಂಬ್ರೆ ಬೆಟ್ಟಕ್ಕೆ ದೊಡ್ಡ ಗುಂಪೊಂದು ಮುಂದೆ ಹೋಯಿತು, ತಂಡದವರು ಲೆಕ್ಕ ಹಾಕಿ ಕುಸ್‌ನನ್ನೂ ಅದರೊಳಗೆ ಕಳಿಸಿದ್ದರು. ಕೊನೆಯ ಏರಿನಲ್ಲಿ ಅವನು ಎಲ್ಲರನ್ನೂ ಬಿಟ್ಟು ಒಬ್ಬನೇ ಹೋದ, ಗೆದ್ದ. ಎಂಟನೇ ದಿನ ಕೆಂಪು ಅಂಗಿ ಅವನ ಮೈಮೇಲೆ ಬಂತು. ಇದನ್ನು ನೀನು ನೂರು ಸಲ ನೋಡಿರುತ್ತೀಯ. ಇನ್ನೊಂದು ಸಲ ನೋಡು ಅಂತ ನನ್ನ ಕೋರಿಕೆ. ಅಷ್ಟು ವರ್ಷ ಇನ್ನೊಬ್ಬರಿಗೆ ಗಾಳಿ ತಡೆದವನ ಕಾಲಿಗೆ, ಮುಂದೆ ಯಾರೂ ಇಲ್ಲದ ರಸ್ತೆ ಮರೆತಿರಲಿಲ್ಲ.

ಹದಿನೇಳನೇ ದಿನ ಅಂಗ್ಲಿರು. ಸೆಪ್ಟೆಂಬರ್ 13, ಅವನಿಗೆ 29 ತುಂಬಿದ ಹುಟ್ಟುಹಬ್ಬ. ಶೇಕಡಾ 23 ದಾಟುವ ಏರು ಇರುವ ರಸ್ತೆ, ನಡೆದು ಹತ್ತುವುದೇ ಕಷ್ಟ. ಅಲ್ಲಿ ರೋಗ್ಲಿಚ್ ಮತ್ತು ವಿಂಗೆಗೋರ್, ಅವನದೇ ತಂಡದ ಇಬ್ಬರು, ಅವನು ದುಡಿದು ಗೆಲ್ಲಿಸಿದ ಇಬ್ಬರು, ಅವನನ್ನು ಬಿಟ್ಟು ಹೋದರು. ಪಕ್ಕದಲ್ಲಿ ಉಳಿದದ್ದು ಬೇರೆ ತಂಡದ ಮಿಕೆಲ್ ಲಾಂಡಾ ಒಬ್ಬ. ದಿನದ ಕೊನೆಗೆ ಕೆಂಪು ಅಂಗಿ ಉಳಿದದ್ದು 8 ಸೆಕೆಂಡಿನ ಅಂತರದಲ್ಲಿ. ನನಗೆ ತಡೆಯಲಾಗದೆ ಎದ್ದು ಹೋದದ್ದು ಆಗ.

ರೇಸ್ ಅಂದರೆ ರೇಸೇ, ಬಲ ಇದ್ದವನು ಹೋಗಬೇಕು, ಅಂತ ನೀನು ವಾದ ಮಾಡಿದೆ. ಅದೂ ನಿಜವಿರಬಹುದು. ಆದರೆ ನನಗೆ ಆವತ್ತು ಬೇರೆ ಒಂದು ಕಾಣಿಸಿತು. ಅವರಿಬ್ಬರೂ ಹೋಗುವಾಗ ಇವನು ತನ್ನ ಅಂಗಿ ಕೈಬಿಟ್ಟುಹೋಗುತ್ತಿದೆ ಅನ್ನುವ ಗಡಿಬಿಡಿ ಇಲ್ಲದೆ ತನ್ನ ಲಯದಲ್ಲೇ ತುಳಿದ. ಲಾಂಡಾನ ಹಿಂದಿನ ಚಕ್ರಕ್ಕೆ ಅಂಟಿಕೊಂಡ, ಮೂರನೆಯವನಾಗಿ ಮುಟ್ಟಿದ. ಇಷ್ಟು ದಿನ ಇತರರನ್ನು ಬೆಟ್ಟ ದಾಟಿಸಿದ ವಿದ್ಯೆ ಇದೆಯಲ್ಲ, ಎಷ್ಟು ಉಳಿಸಬೇಕು, ಎಲ್ಲಿ ಬಿಡಬೇಕು, ಯಾರ ಹಿಂದೆ ಕೂರಬೇಕು ಅನ್ನುವುದು, ಅದೆಲ್ಲ ಆವತ್ತು ಅವನ ಕೆಲಸಕ್ಕೇ ಬಂತು. ಆ 8 ಸೆಕೆಂಡು ಹಾಗೆ ಉಳಿದದ್ದು ಅಂತ ನನ್ನ ನಂಬಿಕೆ. ನಾನು ಸೈಕಲ್ ತುಳಿದವಳಲ್ಲ, ತಪ್ಪಿದ್ದರೆ ತಿದ್ದು.

ಮಾರನೇ ದಿನದಿಂದ ಅವರಿಬ್ಬರೂ ಅವನಿಗಾಗಿ ದುಡಿದರು. ಮ್ಯಾಡ್ರಿಡ್‌ನಲ್ಲಿ ಕುಸ್ ಮೊದಲು, ವಿಂಗೆಗೋರ್ 17 ಸೆಕೆಂಡು ಹಿಂದೆ, ರೋಗ್ಲಿಚ್ 1 ನಿಮಿಷ 8 ಸೆಕೆಂಡು ಹಿಂದೆ. 2013ರಲ್ಲಿ ಕ್ರಿಸ್ ಹಾರ್ನರ್ ಗೆದ್ದ ಮೇಲೆ ಅಮೆರಿಕದವರಿಗೆ ಮೂರು ವಾರದ ಓಟವೊಂದು ಸಿಕ್ಕಿದ್ದು ಅದೇ. ನಿಮ್ಮಮ್ಮ ಕೇಸರಿಬಾತ್ ಮಾಡಿದ್ದಳು.

ನಿನ್ನ ಸಾಲಿಗೆ ಮತ್ತೆ ಬರುತ್ತೇನೆ. ಮರೆತುಹೋಗಿದೆಯೇನೋ ಅಂತ ಬರೆದಿದ್ದೀಯ. ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ. ಆ ರಾಮೋತ್ಸವದ ನಂತರ ನಾನು ಮಧ್ಯಾಹ್ನದ ಹೊತ್ತು, ಮನೆಯಲ್ಲಿ ಯಾರೂ ಇಲ್ಲದಾಗ, ಬಾಗಿಲು ಹಾಕಿಕೊಂಡು ಒಬ್ಬಳೇ ಬಾರಿಸಲು ಶುರು ಮಾಡಿದೆ. ಅಭ್ಯಾಸಕ್ಕಲ್ಲ, ಕಚೇರಿಯ ಹಾಗೆ, ವರ್ಣದಿಂದ ಮಂಗಳದವರೆಗೆ. ಮೊದಮೊದಲು ಕೈ ನಿಲ್ಲುತ್ತಿತ್ತು, ಕಾಯುತ್ತಿತ್ತು. ನಾನು ಅದನ್ನು ಬಯ್ಯಲಿಲ್ಲ. ನಿಂತರೆ ನಿಲ್ಲಲಿ, ಆಮೇಲೆ ಹೋಗಲಿ ಅಂತ ಬಿಟ್ಟೆ. ಕೆಲವು ತಿಂಗಳಲ್ಲಿ ನಿಲ್ಲುವ ಹೊತ್ತು ಚಿಕ್ಕದಾಯಿತು. ಒಂದು ದಿನ ಮೋಹನ ಬಾರಿಸುತ್ತಿದ್ದೆ, ಕುಕ್ಕರ್ ಕೂಗಿದ್ದು ಕೇಳಿಸಲಿಲ್ಲ. ಅಷ್ಟು ಹೊತ್ತು ಯಾರಿಗೂ ಕಾದಿರಲಿಲ್ಲ ಅಂತ ಅನ್ನ ಸೀದ ವಾಸನೆ ಬಂದ ಮೇಲೆ ಗೊತ್ತಾಯಿತು. ಹೋಗುವುದು ಮರೆತಿರಲಿಲ್ಲ ಪುಟ್ಟು. ಕಾಯುವುದರ ರೂಢಿ ಅದರ ಮೇಲೆ ಕೂತಿತ್ತು, ಅಷ್ಟೇ. ನನ್ನ ಕೈಗೆ ಹಾಗಾಯಿತು. ನಿನ್ನ ಕಾಲಿಗೂ ಹಾಗೇ ಆಗುತ್ತದೆ ಅಂತ ಪ್ರಮಾಣ ಮಾಡಿ ಹೇಳಲಾರೆ. ಆಗುತ್ತದೆ ಅಂತ ನಂಬಿದ್ದೇನೆ.

ಇದರ ಮುಂದಿನ ಭಾಗವನ್ನೂ ಹೇಳದಿದ್ದರೆ ನಿನಗೆ ಅರ್ಧ ಹೇಳಿದ ಹಾಗಾಗುತ್ತದೆ. ಆ ಮೋಹನವನ್ನು ಯಾರೂ ಕೇಳಲಿಲ್ಲ. ನನ್ನನ್ನು ಒಂಟಿಯಾಗಿ ಬಾರಿಸಲು ಮತ್ತೆ ಯಾವ ಸಭೆಯವರೂ ಕರೆಯಲಿಲ್ಲ. ಅವರಿಗೆ ಹೊಳೆಯಲಿಲ್ಲ, ನಾನು ಬಾಯಿ ಬಿಟ್ಟು ಕೇಳಲಿಲ್ಲ. ಆಗಿನ ಕಾಲದಲ್ಲಿ ಹೆಂಗಸು ಹೋಗಿ ನನಗೊಂದು ಕಚೇರಿ ಕೊಡಿ ಅನ್ನುವುದು ಸುಲಭವಿರಲಿಲ್ಲ. ಆಮೇಲೆ ಬೆರಳಿನ ಗಂಟು ನೋವು ಬಂತು, ಮುಗಿಯಿತು. ಪಕ್ಕವಾದ್ಯದ ಬದುಕಿನ ಬಗ್ಗೆ ನನಗೆ ಕೊರಗಿಲ್ಲ. ಆ ಒಂದು ಕೇಳದೆ ಉಳಿದ ಮಾತು ಇದೆಯಲ್ಲ, ಅದು ಈಗಲೂ ಚುಚ್ಚುತ್ತದೆ. ಅಂಗ್ಲಿರುವಿನಲ್ಲಿ ನಾನು ಅತ್ತದ್ದು ಅದಕ್ಕೆ. ಆ ಹುಡುಗನಿಗಾಗಿ ಅಂದುಕೊಂಡಿದ್ದೆ, ನನಗಾಗಿಯೂ ಇತ್ತು ಅಂತ ಈಗ ಅನ್ನಿಸುತ್ತದೆ.

ಬುದ್ಧಿ ಹೇಳುವಷ್ಟು ನನಗೆ ನಿನ್ನ ಆಟ ತಿಳಿಯದು. ಆದರೂ ಒಂದೆರಡು ಮಾತು. ನಿಮ್ಮ ತಂಡದ ದೊಡ್ಡವರಿಗೆ ಸೀಸನ್ನು ಶುರುವಾಗುವ ಮುಂಚೆಯೇ, ರೇಡಿಯೊದಲ್ಲಿ ಅವಸರದಲ್ಲಿ ಅಲ್ಲ, ಎದುರು ಕೂತು, ಈ ವರ್ಷ ಒಂದು ರೇಸ್ ನನಗೆ ಕೊಡಿ ಅಂತ ಕೇಳಿಬಿಡು. ಇಲ್ಲ ಅಂದರೆ ಇಲ್ಲ. ಕೇಳಿದ್ದು ಅವರ ಕಿವಿಯಲ್ಲಿ ಇರುತ್ತದೆ. ಕೇಳುವುದು ಹೇಗೆ ಅಂತ ನನ್ನನ್ನು ಕೇಳಬೇಡ, ಅದು ನನಗೆ ಬಂದಿದ್ದರೆ ನಾನೇ ಕೇಳುತ್ತಿದ್ದೆ.

ಚಿಕ್ಕ ರೇಸಾದರೂ ಸಾಕೇನೋ. ಕುಸ್ 2018ರಲ್ಲಿ ಯುರೋಪಿನ ತಂಡ ಸೇರಿದ ವರ್ಷವೇ ಟೂರ್ ಆಫ್ ಯೂಟಾಕ್ಕೆ ಬಂದು ಮೂರು ಹಂತ ಗೆದ್ದು ಪೂರ್ತಿ ಓಟವನ್ನೂ ಗೆದ್ದ. 2024ರಲ್ಲಿ ಕೋವಿಡ್ ಬಂದು ಟೂರ್ ತಪ್ಪಿದಾಗ ಸ್ಪೇನಿನ ಬುರ್ಗೋಸ್ ಓಟಕ್ಕೆ ಹೋಗಿ ಗೆದ್ದ. ಆಮೇಲೆ ವುಎಲ್ಟಾದಲ್ಲಿ ನಾಯಕನಾಗಿ ಹೋದಾಗ 14ನೆಯವನಾದ, ಅದೂ ಇದೆ. 2025ರಲ್ಲಿ ವಿಂಗೆಗೋರ್ ವುಎಲ್ಟಾ ಗೆದ್ದಾಗ ಮತ್ತೆ ಬೆಟ್ಟಗಳಲ್ಲಿ ಅವನ ಜೊತೆಗೇ ಇದ್ದ. ಗೆದ್ದವನಾದ ಮೇಲೂ ದುಡಿಯಲು ಹಿಂತಿರುಗಿದ. ಹಾಗಾಗಿ ಎರಡರಲ್ಲಿ ಒಂದನ್ನೇ ಆರಿಸಬೇಕು ಅಂತ ನೀನು ರಾತ್ರಿಯೆಲ್ಲ ಎಚ್ಚರ ಕೂರಬೇಡ.

ಇನ್ನೊಂದು, ನಿನಗೆ ಸರಿ ಅನ್ನಿಸಿದರೆ ಮಾತ್ರ. ವಾರಕ್ಕೆ ಒಂದು ದಿನ ಕಿವಿಗೆ ರೇಡಿಯೊ ಇಲ್ಲದೆ, ಜೊತೆಗೆ ಯಾರನ್ನೂ ಕರೆದುಕೊಳ್ಳದೆ, ಪೂರ್ತಿ ರೇಸಿನ ಹಾಗೆ ಒಬ್ಬನೇ ಹೋಗಿ ನೋಡು. ಕುತ್ತಿಗೆ ತಿರುಗಿದರೆ ತಿರುಗಲಿ, ಬಯ್ಯಬೇಡ. ಅಲ್ಲಿ ಡುರಾಂಗೊದಿಂದ ಸಿಲ್ವರ್‌ಟನ್‌ಗೆ ಹೋಗುವ ಉಗಿಬಂಡಿಯ ಜೊತೆ ಸೈಕಲ್ ಓಡಿಸುವ ಐರನ್ ಹಾರ್ಸ್ ರೇಸ್ ಇದೆ, 1972ರಿಂದ ನಡೆಯುತ್ತಿದೆ ಅಂತ ನೀನೇ ಹೇಳಿದ್ದೆ. ಅಲ್ಲಿ ಲೀಡರ್ ಯಾರೂ ಇರುವುದಿಲ್ಲ, ರೈಲನ್ನು ಹಿಂದೆ ಹಾಕಬೇಕು ಅಷ್ಟೇ. ಈ ಸಲ ನಿನ್ನ ಹೆಸರು ಕೊಡಲು ಆಗುತ್ತದೆಯೇ? ತಂಡದವರು ಬಿಡದಿದ್ದರೆ ಬೇಡ.

ಬೆನ್ನಿಗೆ ಎಣ್ಣೆ ಹಚ್ಚಿಸಿಕೋ. ಇಳಿಜಾರಿನಲ್ಲಿ ಒದ್ದೆ ರಸ್ತೆ ಇದ್ದರೆ ನಿಧಾನ, ಇದನ್ನು ನಾನು ಹೇಳದೆ ಇರಲಾರೆ.

ಈ ಕಾಗದವನ್ನು ನಿಮ್ಮಪ್ಪನಿಗೆ ಓದಲು ಕೊಡಬೇಕೋ ಬೇಡವೋ, ನಿನಗೆ ಬಿಟ್ಟದ್ದು. ನೀನು ತಂಡದವರ ಹತ್ತಿರ ಮಾತಾಡಿದ ದಿನ, ಅವರು ಏನೇ ಹೇಳಲಿ, ನನಗೆ ಒಂದು ಮೆಸೇಜು ಹಾಕು. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ, ಫೋನು ತಲೆದಿಂಬಿನ ಪಕ್ಕ ಇರುತ್ತದೆ.

ಇತಿ,
ನಿನ್ನ ಅತ್ತೆ